ನಡುವಿನ ಬಾತಿನ ಕುಬಸ

ಮೊದಲೇ ತಪ್ಪೊಪ್ಪಿಕೊಂಡುಬಿಡುವುದು ಒಳ್ಳೆಯದು. ಮುರಗೋಡದಂಥ ಊರಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಸಂಗತಿಗಳು ಬೇಕಾದಷ್ಟಿವೆ. ಅವನ್ನೆಲ್ಲ ಬಿಟ್ಟು ಒಂದು ಬಾತುಕೋಳಿಯ ಕುಬಸದ ಕಥೆ ಹೇಳುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಇದರಲ್ಲಿ ಬರುವವರೆಲ್ಲ ಮರ್ಯಾದಸ್ಥರು, ಒಬ್ಬರೂ ತಮಾಷೆಗೆಂದು ಏನನ್ನೂ ಮಾಡಿದವರಲ್ಲ. ಹಾಗಾಗಿಯೇ ಹೇಳಬೇಕೆನಿಸಿದೆ, ಮನ್ನಿಸಬೇಕು.

ಸುಭಾಸನದು ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಝೆರಾಕ್ಸ್ ಅಂಗಡಿ. ಕಾಗದ ಒಂದೆಳೆ ವಾರೆಯಾಗಿ ಬಂದರೂ ಹರಿದುಹಾಕಿ ಮತ್ತೊಂದು ತೆಗೆದುಕೊಡುವ ಮನುಷ್ಯ. ಯಾರದೋ ಆಧಾರ ಕಾರ್ಡು ಮಶೀನಿನ ಮುಚ್ಚಳದಡಿ ಉಳಿಯಿತೇನೋ ಎಂದು ಊಟಕ್ಕೆ ಕುಳಿತವನು ಎದ್ದು ಬಂದು, ಅಂಗಡಿಯ ಬೀಗ ತೆಗೆದು ನೋಡಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಉಳಿದ ರೊಟ್ಟಿ ತಿನ್ನುವವನು.

ಹೋದ ವರ್ಷ ಹಿನ್ನೀರಿನ ದಂಡೆಯ ಹಳ್ಳಿಯೊಂದರಿಂದ ಶಟ್ಟೆಪ್ಪ ಎನ್ನುವ ರೈತ ಬಂದು ಮಗಳ ಹಾಸ್ಟೆಲಿನ ಅರ್ಜಿ ತುಂಬಿಸಿ, ಕಳಿಸಲೆಂದು ಅಂಗಡಿಯಲ್ಲೇ ಕೊಟ್ಟು ಹೋದ. ಅವನು ಹೋದ ಮೇಲೆ ಒಂದು ಹಾಳೆಗೆ ಸಹಿ ಹಾಕದೆ ಬಿಟ್ಟದ್ದು ಸುಭಾಸನ ಕಣ್ಣಿಗೆ ಬಿತ್ತು. ಮರುದಿನವೇ ಕೊನೆಯ ತಾರೀಖು. ಸುಭಾಸ ಅಂಗಡಿ ಮುಚ್ಚಿ, ಬೈಕು ಹತ್ತಿ, ಮುನವಳ್ಳಿ ದಾಟಿ ಹೋಗಿ, ಹೊಲದಲ್ಲಿ ನೀರು ಹಾಯಿಸುತ್ತಿದ್ದವನ ಸಹಿ ಹಾಕಿಸಿಕೊಂಡು ಬಂದ. ಹುಡುಗಿಗೆ ಹಾಸ್ಟೆಲು ಸಿಕ್ಕಿತು. ಹದಿನೈದು ದಿನ ಬಿಟ್ಟು ಶಟ್ಟೆಪ್ಪ ಒಂದು ರಟ್ಟಿನ ಡಬ್ಬಿ ಹೊತ್ತು ಅಂಗಡಿಗೆ ಬಂದ. ಒಳಗೆ ಐದು ಬಾತಿನ ಮರಿಗಳಿದ್ದವು.

“ನಮ್ಮ ಮನಿ ಹೆಣ್ಣಮಕ್ಕಳಿದ್ದಂಗ ಇವು,” ಎಂದ. “ನಿಮ್ಮ ಉಡಿಯಾಗ ಹಾಕೇನ್ರಿ.”

ಇಷ್ಟು ಹೇಳಿದ ಮೇಲೆ ಬೇಡವೆನ್ನುವುದು ಹೇಗೆ? ಸುಭಾಸ ಡಬ್ಬಿಯನ್ನು ಮನೆಗೆ ತಂದ.

ಅವನ ತಾಯಿ ಗುರುಬಸವ್ವ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಆ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದೂ ಇಲ್ಲ. ಬಾತುಕೋಳಿ ಎನ್ನುವ ಮಾತಿನಲ್ಲಿ ಕೋಳಿ ಬರುತ್ತದೆಂದು ಆಕೆ ‘ಬಾತು’ ಎಂದಷ್ಟೇ ಅಂದು ಬಾಯಿ ಮುಚ್ಚುತ್ತಿದ್ದಳು. ಆದರೂ ಬಂದ ಜೀವಗಳನ್ನು ಓಡಿಸುವವಳಲ್ಲ. ಹಿತ್ತಲಲ್ಲಿ ದನ ಇದ್ದಾಗ ಅವಕ್ಕೆ ನೀರು ಕುಡಿಸುತ್ತಿದ್ದ ಒಂದು ಕಲ್ಲಿನ ದೋಣಿ ಬಿದ್ದಿತ್ತು. ಸುಭಾಸನ ಹೆಂಡತಿ ಸಪ್ನಾ ಅದಕ್ಕೆ ನೀರು ತುಂಬಿಸಿದಳು. ಮರಿಗಳು ಅದರಲ್ಲೇ ಬೆಳೆದವು.

ಸುಭಾಸ ಅವಕ್ಕೆ ಹೆಸರಿಡಲಿಲ್ಲ. ಹೆಸರಿಟ್ಟರೆ ಒಂದನ್ನು ಹೆಚ್ಚು ಸಲ ಕರೆದು ಇನ್ನೊಂದಕ್ಕೆ ಅನ್ಯಾಯವಾದೀತೆಂದು ಅಂಜಿದ. ಅವು ಯಾವಾಗಲೂ ಒಂದೇ ಸಾಲಿನಲ್ಲಿ, ಒಂದೇ ಅನುಕ್ರಮದಲ್ಲಿ ನಡೆಯುತ್ತಿದ್ದುದರಿಂದ ಮುಂದಿನದು, ಎರಡನೆಯದು, ನಡುವಿನದು ಎಂದರೆ ಸಾಕಾಗುತ್ತಿತ್ತು. ನಡುವಿನದು ಎಲ್ಲಕ್ಕಿಂತ ದಪ್ಪ. ಸಂಜೆ ಅಂಗಡಿ ಮುಚ್ಚಿ ಬಂದು ಅವನು ಹಿತ್ತಲ ಕಟ್ಟೆಯ ಮೇಲೆ ಕುಳಿತರೆ ಐದೂ ಬಂದು ಅವನ ಪಾದದ ಸುತ್ತ ಕೂಡುತ್ತಿದ್ದವು. ಆ ಅರ್ಧ ತಾಸು ಅವನಿಗೆ ಯಾರ ಆಧಾರ ಕಾರ್ಡೂ ನೆನಪಿಗೆ ಬರುತ್ತಿರಲಿಲ್ಲ. ನಲವತ್ತೆರಡು ವರ್ಷಗಳಲ್ಲಿ ಅವನಿಗೆ ಸಿಕ್ಕ ನೆಮ್ಮದಿಯೆಂದರೆ ಅಷ್ಟೇ, ದಿನಕ್ಕೆ ಅರ್ಧ ತಾಸು.

ಬಾತುಗಳು ಗುರುಬಸವ್ವನ ಮೆಂತ್ಯ ತಿಂದವು, ಆಕೆ ಸುಮ್ಮನಿದ್ದಳು. ಹಕ್ಕರಕಿ ಸೊಪ್ಪು ತಿಂದವು, ಆಗಲೂ ಸುಮ್ಮನಿದ್ದಳು. ಒಂದು ಸೋಮವಾರ ಬೆಳಿಗ್ಗೆ ಪೂಜೆಗೆಂದು ತುಂಬಿಟ್ಟ ತಾಮ್ರದ ಹಂಡೆಯೊಳಗೆ ಐದೂ ಪಾಳಿ ಹಚ್ಚಿ ಸ್ನಾನ ಮಾಡಿದವು.

“ಅಮಾಸಿ ಒಳಗ ಇವು ತಮ್ಮ ಊರಿಗೆ ಹೋಗಬೇಕು,” ಎಂದಳು ಗುರುಬಸವ್ವ. “ಇನ್ನೊಮ್ಮೆ ಹೇಳಸ್ಕೋಬ್ಯಾಡ.”

ಅಮಾವಾಸ್ಯೆಗೆ ಹದಿಮೂರು ದಿನ ಉಳಿದಿದ್ದವು. ಸುಭಾಸ ತಾಯಿಗೆ ಎದುರು ಮಾತಾಡಿದವನಲ್ಲ, ಸುಳ್ಳು ಹೇಳಿದವನಂತೂ ಅಲ್ಲವೇ ಅಲ್ಲ. ಆದರೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

“ಯವ್ವಾ, ನಡುವಿಂದು ಬಸುರೈತಿ.”

ಗುರುಬಸವ್ವ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಬಸುರಿಯನ್ನು ಹೊರಗೆ ಹಾಕಿದ ಮನೆ ಏಳಿಗೆಯಾಗುವುದಿಲ್ಲ ಎನ್ನುವುದು ಆಕೆಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ.

“ಎಷ್ಟ ತಿಂಗಳು?”

ಸುಭಾಸನ ಕಣ್ಣೆದುರು ಐದು ಬಾತುಗಳು ನಿಂತಿದ್ದವು. “ಐದು,” ಎಂದ.

ಐದು ತಿಂಗಳೆಂದರೆ ಕುಬಸದ ವೇಳೆ, ಬಸುರಿಗೆ ಹಸಿರು ರವಿಕೆಯ ಬಟ್ಟೆ ಕೊಟ್ಟು ಸೀಮಂತ ಮಾಡುವ ಹೊತ್ತು. ಅದು ಅವನಿಗೆ ಹೊಳೆದದ್ದು ತಾಯಿ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತ ಮೇಲೆ. ಹಸಿರು ಖಣ ತರಬೇಕು, ಓಣಿಯ ಮುತ್ತೈದೆಯರಿಗೆ ಹೇಳಬೇಕು, ಬರುವ ಗುರುವಾರ ಒಳ್ಳೆಯದಿದೆ ಎಂದು ಆಕೆ ಸೊಸೆಗೆ ಹೇಳತೊಡಗಿದಳು. ಸಪ್ನಾ ಮೆಲ್ಲಗೆ, ಬಾತು ಬಸುರಾಗುವುದಿಲ್ಲ, ಮೊಟ್ಟೆ ಇಡುತ್ತದೆ ಎಂದು ನೆನಪು ಮಾಡಿಕೊಟ್ಟಳು.

“ಮೊಟ್ಟಿ ಇಡೂದು ಅದರ ಪದ್ಧತಿ,” ಎಂದಳು ಗುರುಬಸವ್ವ. “ಕುಬಸಾ ಮಾಡೂದು ನಮ್ಮ ಪದ್ಧತಿ.”

ತವರಿನವರಿಲ್ಲದೆ ಕುಬಸ ನಡೆಯುವುದುಂಟೆ? ಶಟ್ಟೆಪ್ಪನಿಗೆ ಫೋನು ಹಚ್ಚುವ ಕೆಲಸ ಸುಭಾಸನ ಪಾಲಿಗೆ ಬಂತು. ಶಟ್ಟೆಪ್ಪ ನಕ್ಕುಬಿಟ್ಟರೆ, ಹುಚ್ಚು ಹಿಡಿಯಿತೇ ಎಂದು ಬೈದರೆ, ಅದನ್ನೇ ನೆಪ ಮಾಡಿ ಇದನ್ನೆಲ್ಲ ನಿಲ್ಲಿಸಬಹುದೆಂಬ ಆಸೆಯಿಂದ ಅವನು ಎಲ್ಲವನ್ನೂ ಬಿಡಿಸಿ ಹೇಳಿದ.

“ಟಂಟಂ ಮಾಡ್ಕೊಂಡ ಬರತೇವ್ರಿ,” ಎಂದ ಶಟ್ಟೆಪ್ಪ. “ಬುತ್ತಿ ಎಷ್ಟ ಮಂದಿಗೆ ತರೂಣು?”

ಮಂಗಳವಾರ ಮಹಾದೇವ ಅಂಗಡಿಗೆ ಬಂದ. ದನದ ದವಾಖಾನೆಯಲ್ಲಿ ಕೆಲಸ ಮಾಡುವವನು, ಸುಭಾಸನ ಜೊತೆ ಸಾಲಿ ಕಲಿತವನು. ಹೇಳಿದ ಸುಳ್ಳನ್ನು ಹೇಗಾದರೂ ನಿಜ ಮಾಡಿಕೊಳ್ಳಬಹುದೇನೋ ಎಂದು ಸುಭಾಸ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ನಡುವಿನದು ಯಾವಾಗ ಮೊಟ್ಟೆ ಇಡಬಹುದು ಎಂದು ಕೇಳಿದ. ಮಹಾದೇವ ಅದನ್ನು ಹಿಡಿದು ತಿರುವಿ ನೋಡಿದ, ಉಳಿದ ನಾಲ್ಕನ್ನೂ ನೋಡಿದ, ಕೈ ತೊಳೆದುಕೊಂಡ.

“ಬಾಲದ ಮ್ಯಾಲಿನ ಪುಕ್ಕ ಹಿಂಗ ಸುರಳಿ ಸುತ್ತಿತ್ತಂದ್ರ ಅದು ಗಂಡು. ದನಿ ಕೇಳಿಲ್ಲಿ, ನೆಗಡಿ ಆದ ಮಾಸ್ತರ ಪಾಠಾ ಹೇಳಿದಂಗ. ಐದೂ ಗಂಡಸರ ಅದಾವು ದೋಸ್ತ.”

ಅವತ್ತು ಸಂಜೆ ಕಟ್ಟೆಯ ಮೇಲೆ ಕುಳಿತರೂ ಸುಭಾಸನಿಗೆ ನೆಮ್ಮದಿ ಸಿಗಲಿಲ್ಲ. ಒಂದು ಸುಳ್ಳು ಹೇಳಿದ್ದೇನೆಂದು ತಿಳಿದಿದ್ದ, ಈಗ ನೋಡಿದರೆ ಅದರ ಹೊಟ್ಟೆಯಲ್ಲಿ ಇನ್ನೊಂದು ಕುಳಿತಿತ್ತು. ಸಪ್ನಾಳಿಗೆ ಹೇಳಿಕೊಂಡ. ಆಕೆ ಬಹಳ ಹೊತ್ತು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ, ಅತ್ತೆ ಬೈಲಹೊಂಗಲದಿಂದ ಖಣ ತರಿಸಿಯಾಗಿದೆ, ಹನ್ನೊಂದು ಮನೆಗೆ ಹೇಳಿಯಾಗಿದೆ, ಈಗ ಬಸುರಿಯನ್ನು ಗಂಡಸು ಎಂದರೆ ಅವರು ಊರಿಗೆ ಮುಖ ತೋರಿಸುವುದು ಹೇಗೆ ಎಂದು ಕೇಳಿದಳು.

ಗುರುವಾರ ಶಟ್ಟೆಪ್ಪ ಮತ್ತು ಅವನ ಹೆಂಡತಿ ಶಟ್ಟೆವ್ವ ಬಾಡಿಗೆಯ ಟಂಟಂ ರಿಕ್ಷಾದಿಂದ ಇಳಿದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕರಿಗಡಬು, ಮೊಸರನ್ನ ಎಲ್ಲ ಇತ್ತು. ಬಾಗಿಲಲ್ಲಿ ಅವರ ಕಾಲಿಗೆ ನೀರು ಕೊಟ್ಟ ಗುರುಬಸವ್ವ, ಯಾರೂ ನಿರೀಕ್ಷಿಸದಂತೆ, “ಒಳಗ ಬರ್ರಿ ಬೀಗತಿ,” ಎಂದಳು. ಶಟ್ಟೆವ್ವ ಒಂದು ಕ್ಷಣ ತಡೆದು ನಿಂತಳು, ಆಮೇಲೆ ಸೆರಗು ಸರಿಮಾಡಿಕೊಂಡು ಬೀಗತಿಯ ಗತ್ತಿನಲ್ಲಿಯೇ ಒಳಗೆ ಬಂದಳು. ಆಕೆಯ ಕೈಯಲ್ಲಿ ಒಂದು ಒದ್ದೆ ಬಟ್ಟೆಯ ಗಂಟು ಬೇರೆಯಾಗಿಯೇ ಇತ್ತು. ಅದು ಒಳಗಿಂದೊಳಗೆ ಸಣ್ಣಗೆ ಅಲುಗಾಡುತ್ತಿತ್ತು. ಏನದು ಎಂದು ಗುರುಬಸವ್ವ ಕೇಳಿದಳು.

“ಬಸುರಿ ಬಯಕಿರಿ,” ಎಂದಳು ಶಟ್ಟೆವ್ವ. “ಹೊಳ್ಯಾಗಿಂದು. ಕೇಳಬ್ಯಾಡ್ರಿ.”

ಗುರುಬಸವ್ವ ಕೇಳಲಿಲ್ಲ. ಬಯಕೆಯ ಗಂಟು ಹಿತ್ತಲ ಗೋಡೆಯ ಆಚೆಯೇ ಉಳಿಯಿತು.

ಸಪ್ನಾ ಹಿತ್ತಲ ನಡುವೆ ಮಣೆ ಇಟ್ಟಳು. ಶಟ್ಟೆಪ್ಪ ನಡುವಿನ ಬಾತನ್ನು ತಂದು ಕೂಡ್ರಿಸಿದ. ಗುರುಬಸವ್ವ ಹಸಿರು ಖಣವನ್ನು ಅದರ ಮೈಮೇಲೆ ಹೊದಿಸಿ, ಸುಕ್ಕಿಲ್ಲದಂತೆ ಸುತ್ತ ಸರಿಮಾಡಿದಳು. ಉಳಿದ ನಾಲ್ಕು ಹಿಂದೆ ಸಾಲಾಗಿ ನಿಂತವು. ನಡುವೆ ಒಂದರ ಜಾಗ ಖಾಲಿ ಬಿಟ್ಟಿದ್ದವು. ಹೆಂಗಸರು ಸೋಬಾನ ಹಾಡಿದರು, ಆರತಿ ಬೆಳಗಿದರು. ಬಾತು ಅಲ್ಲಾಡದೆ ಕುಳಿತಿತ್ತು. ಖಣದ ಅಂಚಿನಿಂದ ಬಾಲದ ಆ ಸುರುಳಿ ಪುಕ್ಕ ಮಾತ್ರ ಹೊರಗೆ ಇಣುಕುತ್ತಿತ್ತು. ಸುಭಾಸ ಅದಕ್ಕೆ ಅಡ್ಡವಾಗಿ ನಿಂತ. ಹೆಂಗಸರು ಬಲಕ್ಕೆ ಸರಿದರೆ ತಾನೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಬಸುರಿಯ ಗಂಡನಿಗೂ ಇಲ್ಲದ ಕಳವಳ ಇವನಿಗ್ಯಾಕೆ ಎಂದು ಒಬ್ಬಾಕೆ ಚಾಷ್ಟಿ ಮಾಡಿದಳು. ಬಾತು ಸಾಕಿ ಬಲ್ಲವಳೆಂದರೆ ಅಲ್ಲಿ ಶಟ್ಟೆವ್ವ ಒಬ್ಬಳೇ. ಆಕೆ ಆ ಪುಕ್ಕವನ್ನು ನೋಡಿದಳು, ಸುಭಾಸನ ಮುಖ ನೋಡಿದಳು, ಹಾಡು ಮುಂದುವರಿಸಿದಳು.

ಊಟಕ್ಕೆ ಏಳುವ ಮೊದಲು ಗುರುಬಸವ್ವ ಬೀಗರ ಎದುರು ನಿಂತು, ಎಲ್ಲ ಚಂದಾಗಿ ಆಯಿತು, ಇನ್ನು ಕರೆದುಕೊಂಡು ಹೋಗಬೇಕು ಎಂದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅದೊಂದೇ ಹೋದರೆ ಬೇಸರ ಮಾಡಿಕೊಂಡೀತು, ಉಳಿದ ನಾಲ್ಕೂ ಕೂಡಿಯೇ ಹೋಗಲಿ.

ಸುಭಾಸ ಯಾವ ಮಾತಿನಿಂದ ಬಾತುಗಳನ್ನು ಉಳಿಸಿಕೊಂಡಿದ್ದನೋ ಅದೇ ಮಾತು ಈಗ ಐದನ್ನೂ ಟಂಟಂ ಹತ್ತಿಸುತ್ತಿತ್ತು. ಖಾಲಿ ದೋಣಿ, ಖಾಲಿ ಕಟ್ಟೆ, ಸಂಜೆಯ ಅರ್ಧ ತಾಸು, ಎಲ್ಲ ಕಣ್ಣ ಮುಂದೆ ಬಂದವು. ಸುಳ್ಳು ಹೇಳಿ ಕಳೆದುಕೊಳ್ಳುವುದಕ್ಕಿಂತ ನಿಜ ಹೇಳಿ ಕಳೆದುಕೊಂಡರೆ ಎದೆಯಾದರೂ ಹಗುರಾದೀತು ಎನಿಸಿತು. ಹನ್ನೊಂದು ಮನೆಯವರ ಎದುರು ಅವನು ಕೈ ಮುಗಿದ.

“ಯವ್ವಾ, ತಪ್ಪಾತು. ಅದು ಬಸುರಿಲ್ಲ. ಅದು ಗಂಡು. ಐದೂ ಗಂಡು ಅದಾವು. ನಾ ಸುಳ್ಳ ಹೇಳಿದ್ನಿ.”

ಮುಂದೇನು ಮಾಡಬೇಕೆಂದು ತಿಳಿಯದ ಶಟ್ಟೆವ್ವ ಬಗ್ಗಿ ಬಾತನ್ನು ಖಣದ ಸಮೇತ ಮಣೆಯಿಂದ ಎತ್ತಿದಳು.

ಮಣೆಯ ಮೇಲೆ ಒಂದು ಮೊಟ್ಟೆ ಇತ್ತು.

ತಿಳಿಹಸಿರು ಛಾಯೆಯ, ಕೋಳಿಮೊಟ್ಟೆಗಿಂತ ದೊಡ್ಡದಾದ ಮೊಟ್ಟೆ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟದ್ದು ಬಾತು. ಕುತ್ತಿಗೆ ಉದ್ದ ಮಾಡಿ ಅದನ್ನು ಒಂದು ಕಣ್ಣಿನಿಂದ ನೋಡಿತು, ಮತ್ತೊಂದು ಕಣ್ಣಿನಿಂದ ನೋಡಿತು.

ಗುರುಬಸವ್ವ ಮೊಟ್ಟೆ ನೋಡಿದಳು. ಮಗನನ್ನು ನೋಡಿದಳು.

“ಸಾಕ ಸುಮ್ನಿರು,” ಎಂದಳು. “ಬಾಣಂತಿ ಮುಂದ ಹಂಗೆಲ್ಲಾ ಅನಬಾರದು.”

ಬಾಣಂತಿಯನ್ನು ಟಂಟಂನಲ್ಲಿ ಕುಲುಕಿಸಿಕೊಂಡು ಹೋಗಲಾಗುವುದಿಲ್ಲವೆಂದು ಅಲ್ಲಿಯೇ ತೀರ್ಮಾನವಾಯಿತು. ಐದೂ ಉಳಿದವು. ಮೊಟ್ಟೆಯನ್ನು ಮುಟ್ಟುವವರು ಆ ಮನೆಯಲ್ಲಿ ಇಲ್ಲದ್ದರಿಂದ ಶಟ್ಟೆವ್ವ ಅದನ್ನು ತನ್ನ ಬಾತಿನ ಕಾವಿಗೆ ಇಡುತ್ತೇನೆಂದು ಹಸಿರು ಖಣದಲ್ಲಿಯೇ ಸುತ್ತಿಕೊಂಡು ಹೋದಳು. ತಿಂಗಳೊಪ್ಪತ್ತಿನಲ್ಲಿ ಶಟ್ಟೆಪ್ಪ ಬಂದು ಒಂದು ಮರಿ ಕೊಟ್ಟು ಹೋದ. ಅದೇ ಮೊಟ್ಟೆಯ ಮರಿ ಎನ್ನುವುದಕ್ಕೆ ಅವನ ಮಾತೇ ಸಾಕ್ಷಿ.

ಈಗ ಸಾಲಿನಲ್ಲಿ ಆರು. ಪೂಜೆಯ ಹಂಡೆಯ ಮೇಲೆ ಗುರುಬಸವ್ವ ಹಾಸುಗಲ್ಲು ಮುಚ್ಚುತ್ತಾಳೆ. ಅಮಾವಾಸ್ಯೆಗಳು ಬಂದು ಹೋಗಿವೆ, ಆಕೆ ಆ ಮಾತು ತೆಗೆದಿಲ್ಲ. ಸಂಜೆ ಸುಭಾಸ ಕಟ್ಟೆಯ ಮೇಲೆ ಕೂಡುತ್ತಾನೆ. ಆದರೆ ಅರ್ಧ ತಾಸಿನಲ್ಲಿ ಐದಾರು ನಿಮಿಷ ಆ ಮೊಟ್ಟೆಯ ಯೋಚನೆಗೇ ಹೋಗುತ್ತದೆ. ಮಹಾದೇವನನ್ನು ಎರಡು ಸಲ ಕರೆಸಿ ತೋರಿಸಿದ್ದಾಯಿತು. ಐದೂ ಗಂಡು, ಅದರಲ್ಲಿ ಎರಡು ಮಾತಿಲ್ಲ. ಸಪ್ನಾಳನ್ನು ಕೇಳಿದರೆ, ಮಣೆ ಇಟ್ಟವಳು ತಾನು, ಆಗ ಅದರ ಮೇಲೆ ಏನೂ ಇರಲಿಲ್ಲ ಎನ್ನುತ್ತಾಳೆ. ಶಟ್ಟೆವ್ವನನ್ನು ಕೇಳಿದರೆ, ಎತ್ತಿದವಳು ತಾನು, ಇಟ್ಟವಳಲ್ಲ ಎನ್ನುತ್ತಾಳೆ. ಖಣ ಹೊದಿಸಿದವಳು ಗುರುಬಸವ್ವ. ಆಕೆಯನ್ನು ಅವನು ಕೇಳಿಲ್ಲ. ಜನ್ಮದಲ್ಲಿ ಮೊಟ್ಟೆ ಮುಟ್ಟದ ತಾಯಿಯನ್ನು ಮಗ ಕೇಳುವಂಥ ಪ್ರಶ್ನೆ ಅದಲ್ಲ.

ಆ ಮೊಟ್ಟೆ ಮಣೆಯ ಮೇಲೆ ಹೇಗೆ ಬಂತು ಎನ್ನುವುದು ಗೊತ್ತಿಲ್ಲ. ಹೊಸ ಮರಿ ಹೆಣ್ಣೋ ಗಂಡೋ ಎನ್ನುವುದೂ ಇನ್ನೂ ಗೊತ್ತಾಗಿಲ್ಲ.