ಕ್ಯಾಪ್ಟನ್ ಕೋಟು

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸಾಲೋಟಗಿ ದಾರಿಯ ನಿಂಬೆ ತೋಟಗಳಲ್ಲಿ ಹಳದಿ ಹಣ್ಣುಗಳು ಮಾತ್ರ ಕಾಣುತ್ತಿದ್ದವು, ಗಿಡಗಳು ಕಾಣುತ್ತಿರಲಿಲ್ಲ. ಯಾರೂ ಹಿಡಿಯದೆ, ಯಾವ ಆಸರೆಯೂ ಇಲ್ಲದೆ ಹಣ್ಣುಗಳು ತಾವೇ ಗಾಳಿಯಲ್ಲಿ ನಿಂತಂತೆ. ದುರ್ಗವ್ವ ಹೊಸ್ತಿಲ ಮೇಲೆ ಕೂತು ಸೂಜಿಯ ಕಣ್ಣನ್ನು ಆಕಾಶದ ಕಡೆ ಎತ್ತಿ ಹಿಡಿದಿದ್ದಳು. ತೊಡೆಯ ಮೇಲೆ ನೀಲಿ ಕೋಟು. ಕೊನೆಯ ಗುಂಡಿಯೊಂದು ಉಳಿದಿತ್ತು.

"ಆಯಿ, ಲಗೂನ. ಎಂಟಕ್ಕ ಟೀಚರ ಬಾ ಅಂದಾರ" ಎಂದಳು ಮೊಮ್ಮಗಳು ಪ್ರಜ್ಞಾ.

"ನನಗ್ಯಾಕ ಹೇಳ್ತಿ? ಸೂರ್ಯಾಗ ಹೇಳು. ಅವಾ ಇನ್ನೂ ಎದ್ದಿಲ್ಲ."

ಪ್ರಜ್ಞಾ ಒಂಬತ್ತನೇ ತರಗತಿಯ ಹುಡುಗಿ. ಅಪ್ಪ ಪರಮಾನಂದ ಇಂಡಿಗೆ ಟೆಂಪೋ ಓಡಿಸುತ್ತಿದ್ದ. ಅವ್ವ ಹೊತ್ತು ಮೂಡುವ ಮೊದಲೇ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಹೀಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಅಜ್ಜಿ ಮೊಮ್ಮಗಳು ಇಬ್ಬರೇ. ಗೋಡೆಗೆ ಬುದ್ಧನ ಪಟ, ಕೆಳಗೆ ಗೋಡೆಯ ಗೂಡಾದ ಮಾಡದಲ್ಲಿ ಅಜ್ಜಿಯ ಹೆಸರಿನದೇ ದೇವಿ, ದುರ್ಗವ್ವ. ಒಂದು ಮಗನದು, ಒಂದು ತಾಯಿಯದು. ಒಂದೇ ದೀಪದ ಬೆಳಕು ಎರಡಕ್ಕೂ ಸಾಕಾಗುತ್ತಿತ್ತು.

ಎರಡು ತಿಂಗಳಿಂದ ಆ ಮನೆಯಲ್ಲಿ ಇನ್ನೊಬ್ಬಳೂ ಇದ್ದಳು. ವಾರಕ್ಕೊಮ್ಮೆ, ಹೊಸ ಭಾಗ ಬರುವ ದಿನ, ಪರಮಾನಂದ ಸಂಜೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಪ್ರಜ್ಞಾ ಅವನ ಮೊಬೈಲ್ ತೆಗೆದುಕೊಂಡು, ಕನ್ನಡ ಮಾತು ಕೂಡಿಸಿದ ಒಂದು ಅಮೆರಿಕದ ಧಾರಾವಾಹಿ ಹಚ್ಚುತ್ತಿದ್ದಳು. ಭೂಮಿ ಬಿಟ್ಟು ಇನ್ನೊಂದು ಗ್ರಹಕ್ಕೆ ಹೊರಟ ನೌಕೆ. ಅದರಲ್ಲಿ ಏಳು ಮಂದಿ. ಅವರ ಮುಖ್ಯಸ್ಥೆ ಕ್ಯಾಪ್ಟನ್ ಇಮಾನಿ. ಆಕೆಯ ಬಣ್ಣ ಮಳೆ ಬಿದ್ದ ಕಪ್ಪು ಎರಿ ಹೊಲದ್ದು. ಕೂದಲು ಉಂಗುರ ಉಂಗುರ. ಮೊದಲ ದಿನ ದುರ್ಗವ್ವ ಕಣ್ಣು ಕಿರಿದು ಮಾಡಿ ನೋಡಿ, "ಇಕಿ ಅಲ್ಲಿ ಕಸಾ ಹೊಡ್ಯಾಕ ಬಂದಾಳೇನು?" ಎಂದಿದ್ದಳು.

"ಆಯಿ! ಅಕಿ ಕ್ಯಾಪ್ಟನ್."

"ಅಂದ್ರ?"

"ಉಳದ ಆರೂ ಮಂದಿ ಅಕಿ ಹೇಳಿದಂಗ ಕೇಳಬೇಕು."

"ಬೆಳ್ಳಗಿದ್ದವ್ರೂ?"

"ಬೆಳ್ಳಗಿದ್ದವ್ರೂ."

ದುರ್ಗವ್ವ ಮೊಬೈಲಿನ ಹತ್ತಿರ ಬಗ್ಗಿ, "ಖರೇನ, ಇಲ್ಲಾ ಟೀವ್ಯಾಗಷ್ಟ?" ಎಂದು ಕೇಳಿದ್ದಳು. ಆದರೂ ಅಂದಿನಿಂದ ದೀಪ ಹಚ್ಚಿ ಕೈ ಮುಗಿಯುವಾಗ ಮಗ, ಸೊಸೆ, ಮೊಮ್ಮಗಳ ಹೆಸರಾದ ಮೇಲೆ, "ಅಕೀನೂ ಸುಸೂತ್ರ ಮನಿಗೆ ಮುಟ್ಟಿಸವ್ವಾ" ಎಂದು ಸೇರಿಸುತ್ತಿದ್ದಳು. ದೇವಿಗೆ ಊರು ಯಾವುದಾದರೇನು, ದೂರ ಹೋದವರ ಲೆಕ್ಕವೆಲ್ಲ ಆಕೆಯ ಹತ್ತಿರವೇ ಇರುತ್ತದೆ ಎಂಬುದು ಅಜ್ಜಿಯ ನಂಬಿಕೆ.

ಶಾಲೆಯಲ್ಲಿ ವಿಜ್ಞಾನ ನಾಟಕ ಸ್ಪರ್ಧೆ ಬಂದಾಗ ಪ್ರಜ್ಞಾಳೇ ನಾಟಕ ಬರೆದಳು. ಮಂಗಳ ಗ್ರಹದಲ್ಲಿ ನಿಂಬೆ ತೋಟ ಹಾಕಲು ಹೊರಟವರ ಕಥೆ. ಕ್ಯಾಪ್ಟನ್ ಅವಳೇ. ಕ್ಲಸ್ಟರ್ ಮಟ್ಟದಲ್ಲಿ ಗೆದ್ದು, ಈ ದಿನ ಇಂಡಿಯಲ್ಲಿ ತಾಲೂಕು ಮಟ್ಟದ್ದಿತ್ತು. ಕ್ಯಾಪ್ಟನ್‌ಗೆ ಕೋಟು ಬೇಕಾಯಿತು.

ದುರ್ಗವ್ವ ಹಳೆ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿಯುವವಳು. ಅವಳ ಕೈಯ ಕೌದಿ ಹೊದ್ದವರು ಆ ಕಡೆಯ ಹತ್ತು ಹಳ್ಳಿಗಳಲ್ಲಿದ್ದಾರೆ. ಅವಳ ಕಸುಬಿಗೊಂದು ಕಟ್ಟಳೆಯಿತ್ತು: ಯಾವ ಮನೆಯಿಂದ ಹಳೆ ಅರಿವೆ ಬಂತೋ ಆ ಮನೆಗೇ ಪೂರ್ತಿ ತಿರುಗಿ ಹೋಗಬೇಕು. ಒಬ್ಬರ ಮೈಗೆ ಹತ್ತಿದ ಬಟ್ಟೆಯಲ್ಲಿ ಅವರ ಸುಖ ದುಃಖ ಇರುತ್ತದೆ, ಅದರಲ್ಲಿ ಬೆರಳಗಲ ಚಿಂದಿಯನ್ನೂ ಇಟ್ಟುಕೊಳ್ಳಬಾರದು. ನಲವತ್ತು ವರ್ಷ ಅವಳು ಇದನ್ನು ತಪ್ಪಿರಲಿಲ್ಲ. ಈಗ ಬಸವಂತರಾಯ ಗೌಡರ ತಾಯಿ ರುಕ್ಮವ್ವ ಕೌದಿಗೆಂದು ಕೊಟ್ಟ ಗಂಟಿನಲ್ಲಿ ಒಂದು ನೀಲಿ ಇಳಕಲ್ಲ ಸೀರೆಯಿತ್ತು. ಸಂಜೆಗಪ್ಪು ಆಕಾಶದ ನೀಲಿ. ಇಮಾನಿಯ ಕೋಟಿನದೇ ಬಣ್ಣ. ದುರ್ಗವ್ವ ಎರಡು ದಿನ ಅದನ್ನು ಮುಟ್ಟದೆ ಅದರ ಸುತ್ತ ತಿರುಗಾಡಿದಳು. ಮೂರನೇ ದಿನ ಮಾಡದ ಮುಂದೆ ನಿಂತು, "ಕಳವು ಅಲ್ಲವ್ವಾ, ಎರವಲು. ನಾಟಕ ಮುಗದ ಕೂಡಲೇ ಬಿಚ್ಚಿ ಸೇರಸ್ತೇನಿ" ಎಂದು ಹೇಳಿ ಕತ್ತರಿ ಹಾಕಿದಳು.

ಕೋಟು ಕೌದಿಯಂತೆಯೇ ಆಯಿತು. ಒಳಗೆ ಹಳೆ ಅರಿವೆಯ ಪದರು, ಮೇಲೆ ಸಾಲು ಸಾಲು ಸಣ್ಣ ಹೊಲಿಗೆ. ಹಾಕಿಕೊಂಡರೆ ಉಬ್ಬಿ ನಿಲ್ಲುತ್ತಿತ್ತು, ಥೇಟ್ ಆಕಾಶಕ್ಕೆ ಹೋಗುವವರದು. ಮಂಜು ಸ್ವಲ್ಪ ತಿಳಿಯಾದ ಮೇಲೆ ಗುಂಡಿ ಕೂತಿತು. ಪ್ರಜ್ಞಾ ತೊಟ್ಟು ನಿಂತಳು. ದುರ್ಗವ್ವ ಅವಳ ಸುತ್ತ ಒಂದು ಸುತ್ತು ಬಂದಳು.

"ಹೆಂಗ ಕಾಣ್ತೇನಿ?"

"ಮಂದಿ ನೀ ಹೇಳಿದಂಗ ಕೇಳೋ ಹಂಗ ಕಾಣ್ತಿ" ಎಂದಳು ಅಜ್ಜಿ.

*

ಶಾಲೆಯ ಅಂಗಳದಲ್ಲಿ ಬಸವಂತರಾಯ ಗೌಡರ ಕ್ರೂಸರ್ ಗಾಡಿ ನಿಂತಿತ್ತು. ಮಕ್ಕಳನ್ನು ಇಂಡಿಗೆ ಒಯ್ಯಲು ಅವರೇ ಕಳಿಸಿದ್ದರು. ಅವರ ಮಗಳು ಭಾಗ್ಯಜ್ಯೋತಿ ನಾಟಕದಲ್ಲಿ ನೌಕೆಯ ಡಾಕ್ಟರು. ಎಂಜಿನಿಯರ್ ಪಾತ್ರದ ಶಾಹಿಸ್ತಾ ಕೋಟು ಕಂಡವಳೇ ನೆಟ್ಟಗೆ ನಿಂತು ಸಲಾಂ ಹೊಡೆದಳು. "ಕ್ಯಾಪ್ಟನ್ ಸಾಹೇಬ್ರ, ಗಾಡ್ಯಾಗ ಕಿಟಕಿ ಬಾಜೂ ನನಗ ಬೇಕ್ರಿ!"

ಸುನಂದಾ ಟೀಚರ್ ನಗಲಿಲ್ಲ. "ಪ್ರಜ್ಞಾ, ಇಲ್ಲಿ ಬಾ ಮಗಾ" ಎಂದು ಕೋಣೆಯೊಳಗೆ ಕರೆದು ಪೌಡರ್ ಡಬ್ಬಿ ತೆಗೆದರು. ಹಣೆ, ಕೆನ್ನೆ, ಕೊರಳು. ಇನ್ನಷ್ಟು. ಕನ್ನಡಿಯಲ್ಲಿ ಪ್ರಜ್ಞಾಳ ಮುಖ ಬೂದಿ ಮೆತ್ತಿದಂತೆ ಆಗುತ್ತ ಹೋಯಿತು.

"ಟೀಚರ, ಜ್ವರಾ ಬಂದವರಂಗ ಕಾಣಾಕತ್ತಾಳ್ರಿ" ಎಂದಳು ಬಾಗಿಲಲ್ಲಿದ್ದ ಶಾಹಿಸ್ತಾ.

"ನೀ ಹೊರಗ ನಡಿ."

ಟೀಚರ್ ಒದ್ದೆ ಬಟ್ಟೆಯಿಂದ ಪೌಡರನ್ನೆಲ್ಲ ಒರೆಸಿದರು. ಒರೆಸುತ್ತಲೇ, ಅವಳ ಕಣ್ಣು ನೋಡದೆ ಹೇಳಿದರು: "ಹೋದ ಸರ್ತಿ ಪರೀಕ್ಷಕರು ಹೇಳ್ಯಾರ, ಲೈಟಿನಾಗ ಕ್ಯಾಪ್ಟನ್ ಮುಖಾ ಕಾಣಂಗಿಲ್ಲ ಅಂತ. ಹೆಡ್‌ಮಾಸ್ತರ ನಿನ್ನಿ ಸಂಜಿಕೆ ಕರದು ಕ್ಯಾಪ್ಟನ್ ಬದ್ಲಿ ಮಾಡ್ರಿ ಅಂದ್ರು. ನಾ ಏನ್ ಮಾಡ್ಲಿ? ಭಾಗ್ಯಜ್ಯೋತಿ ಕ್ಯಾಪ್ಟನ್ ಆಗಿ ನಿಲ್ಲಲಿ. ಡಾಕ್ಟರ ಪಾತ್ರ ಸಣ್ಣದು, ಬಿಟ್ಟರ ನಡೀತೈತಿ. ಅಕಿಗೆ ಕ್ಯಾಪ್ಟನ್ ಮಾತು ಬಾಯಿಪಾಠ ಇಲ್ಲ, ಅವನ್ನ ನೀ ಪಡದಿ ಹಿಂದ ನಿಂತು ಮೈಕಿನಾಗ ಹೇಳು. ಹ್ಯಾಂಗೂ ಕ್ಯಾಪ್ಟನ್‌ಗ ಮುಖಕ್ಕ ಹಾಳಿ ಇರತೈತಿ, ತುಟಿ ಗೊತ್ತಾಗಂಗಿಲ್ಲ. ನಾಟಕ ನಿಂದ. ಮಾತೂ ನಿಂದ. ಬರೇ ಮುಖ ಅಷ್ಟ ಅಕೀದು."

ಮುಖಕ್ಕೆ ಹಾಳೆ ಎಂದರೆ ಕರೋನಾ ಕಾಲದಲ್ಲಿ ಶಾಲೆಗೆ ಬಂದು ಉಳಿದಿದ್ದ, ಮುಖದ ಮುಂದೆ ಕಟ್ಟುವ, ಬೆಳಕಿಗೆ ಹೊಳೆಯುವ ಪ್ಲಾಸ್ಟಿಕ್ ಹಾಳೆ. ಕ್ಯಾಪ್ಟನ್‌ಳ ಶಿರಸ್ತ್ರಾಣಕ್ಕೆ ಅದನ್ನು ಹಚ್ಚುವ ಉಪಾಯವೂ ಪ್ರಜ್ಞಾಳದೇ.

"ಟೀಚರ, ಆ ಧಾರಾವಾಹ್ಯಾಗ ಇಮಾನಿ..."

"ಅದು ಅಮೆರಿಕಾ, ಮಗಾ. ಅಲ್ಲಿ ಲೈಟು ಬ್ಯಾರೆ ಇರತಾವ."

ಹೊರಗೆ ಕ್ರೂಸರ್ ಹಾರ್ನ್ ಹೊಡೆಯಿತು. ಭಾಗ್ಯಜ್ಯೋತಿ ಬಾಗಿಲಿಗೆ ಬಂದು ನಿಂತಳು. ಅವಳ ಮುಖವೂ ಅಳುವಂತೆಯೇ ಇತ್ತು. "ನಾ ಬ್ಯಾಡ ಅಂದೆ ಪ್ರಜ್ಞಾ. ಖರೇನ ಅಂದೆ." ಪ್ರಜ್ಞಾ ಒಂದೊಂದೇ ಗುಂಡಿ ಬಿಚ್ಚಿ ಕೋಟು ಅವಳ ಕೈಗೆ ಕೊಟ್ಟಳು. ಅದು ಭಾಗ್ಯಜ್ಯೋತಿಗೆ ಬಿಗಿಯಾಯಿತು; ಬೆಳಗ್ಗೆ ಹಚ್ಚಿದ ಗುಂಡಿ ಹಾಕಲು ಬರಲೇ ಇಲ್ಲ.

*

ಇಂಡಿಯ ಆ ಸಭಾಂಗಣದಲ್ಲಿ ಪಡದೆಗೆ ಕಣ್ಣಿನ ಎತ್ತರಕ್ಕೆ ಒಂದು ತೂತಿತ್ತು. ಅದರಿಂದ ಪ್ರಜ್ಞಾಳಿಗೆ ಕಂಡದ್ದು ಕೋಟಿನ ಬೆನ್ನು. ಅಜ್ಜಿಯ ಹೊಲಿಗೆಯ ಸಾಲುಗಳು ಬೆಳಕಿಗೆ ನೇಗಿಲ ಸಾಲಿನಂತೆ ಕಾಣುತ್ತಿದ್ದವು. ಮೈಕು ಅವಳ ಬಾಯಿಯ ಮುಂದಿತ್ತು. ಭಾಗ್ಯಜ್ಯೋತಿ ಕೈ ಮುಂದೆ ಚಾಚಿ, ಮಾತಿಗಾಗಿ ಕಾಯುತ್ತ ನಿಂತಳು.

ತಾನು ಬಾಯಿ ತೆರೆಯದಿದ್ದರೆ? ಪ್ರಜ್ಞಾ ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತಳು. ನೌಕೆ ನಿಲ್ಲುತ್ತದೆ. ಕ್ಯಾಪ್ಟನ್ ಮೂಕಿಯಾಗುತ್ತಾಳೆ. ಎಲ್ಲರೂ ಪಡದೆಯ ಹಿಂದೆ ಯಾರಿದ್ದಾರೆಂದು ನೋಡುತ್ತಾರೆ. ಭಾಗ್ಯಜ್ಯೋತಿ ಕೈ ಚಾಚಿಕೊಂಡೇ ಪಡದೆಯ ಕಡೆ ತಲೆ ಹೊರಳಿಸಿದಳು.

ಆಗ ಬಾಗಿಲ ಹತ್ತಿರ, ಎಲ್ಲ ಕುರ್ಚಿಗಳ ಹಿಂದೆ, ಅಪ್ಪ ಕಂಡ. ಸ್ಟ್ಯಾಂಡಿನಲ್ಲಿ ಟೆಂಪೋ ನಿಲ್ಲಿಸಿ, ಖಾಕಿ ಅಂಗಿಯಲ್ಲೇ ಓಡಿ ಬಂದಿದ್ದ. ಅವನ ಕಣ್ಣು ವೇದಿಕೆಯ ಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋಗಿ, ಮತ್ತೆ ಮೊದಲಿನಿಂದ ನೋಡತೊಡಗಿತ್ತು. ನೀಲಿ ಕೋಟಿನ ಮೇಲೆ ನಿಂತು, ಅಲ್ಲಿಂದ ಸರಿದು, ಮತ್ತೆ ಹುಡುಕುತ್ತಿತ್ತು.

"ಭೂಮಿಗೆ ತಿಳಿಸಿ" ಎಂದಳು ಪ್ರಜ್ಞಾ ಮೈಕಿನಲ್ಲಿ. "ನಾವು ಇನ್ನೂ ದಾರಿಯಲ್ಲಿದ್ದೇವೆ. ಗಿಡಗಳು ಜೀವಂತ ಇವೆ."

ಪರಮಾನಂದ ಆ ದನಿಗೆ ತಲೆ ಎತ್ತಿದ. ಆಮೇಲೆ ಹುಡುಕಲಿಲ್ಲ. ನಾಟಕ ಮುಗಿಯುವ ತನಕ ನೆಲ ನೋಡುತ್ತ ನಿಂತು ಕೇಳಿದ, ಮುಗಿದ ಮೇಲೆ ಟೆಂಪೋ ಹೊತ್ತಾಯಿತೆಂದು ಹೊರಟುಹೋದ.

ಎರಡನೇ ಬಹುಮಾನ ಬಂತು. ಮೊದಲನೆಯದಕ್ಕಷ್ಟೇ ಜಿಲ್ಲೆಗೆ ಹೋಗುವ ಅವಕಾಶ. ಉತ್ತಮ ನಟಿ ಎಂದು ಭಾಗ್ಯಜ್ಯೋತಿಯ ಹೆಸರು ಕೂಗಿದರು. ಪರೀಕ್ಷಕರು ಅವಳ ತಲೆ ಸವರಿ, "ಧ್ವನಿ ಬಹಳ ಗಂಭೀರ ಇದೆ, ಬಿಡಬೇಡ" ಎಂದರು. ಅವಳು ತಲೆ ತಗ್ಗಿಸಿ ಹೂಂ ಎಂದಳು. ಮರಳುವ ಗಾಡಿಯಲ್ಲಿ ಶಾಹಿಸ್ತಾ ಕಿಟಕಿ ಬಾಜೂ ಪ್ರಜ್ಞಾಳಿಗೆ ಬಿಟ್ಟುಕೊಟ್ಟಳು.

*

ಕೋಟು ಮನೆಗೆ ಬಂದಾಗ ಕೊರಳ ಪಟ್ಟಿಗೆ ಬಿಳಿ ಪೌಡರ್ ಹತ್ತಿತ್ತು. ದುರ್ಗವ್ವ ಅದನ್ನು ಬೆರಳಿನಿಂದ ಮುಟ್ಟಿ ಮೂಸಿದಳು. ಸಂಜೆ ಮಗ ಬಂದ ಕೂಡಲೇ ಕೇಳಿದಳು: "ಹೆಂಗ ಕಂಡಳಪಾ ನನ್ನ ಕೂಸು?"

ಪರಮಾನಂದ ಕಾಲು ತೊಳೆಯುತ್ತಿದ್ದವನು ತಂಬಿಗೆ ಕೆಳಗಿಟ್ಟ. "ದನಿ ಚಲೋ ಕೇಳಿಸ್ತು, ಯವ್ವಾ."

"ನಾ ಕಂಡದ್ದು ಕೇಳಿದೆ."

ಅವನು ಮೊಬೈಲ್ ತೆಗೆದು ಮಗಳ ಕೈಗಿಟ್ಟ. "ಹಚ್ಚು ನಿಂದು. ಆಯಿ ಕಾಯಾಕತ್ತಾಳ."

ಅಂದು ಏಳನೇ ಭಾಗ. ನೌಕೆಗೆ ಬೆಂಕಿ ಹತ್ತಿತು. ಪಾರಾಗಲು ಒಂದು ಸಣ್ಣ ನೌಕೆ ಇತ್ತು, ಆದರೆ ಅದರ ಬಾಗಿಲನ್ನು ಹೊರಗಿನಿಂದ ಒಬ್ಬರು ಹಾಕಬೇಕಿತ್ತು. ಕ್ಯಾಪ್ಟನ್ ಇಮಾನಿ ಆರೂ ಮಂದಿಯನ್ನು ಒಳಗೆ ಕಳಿಸಿದಳು. ಕನ್ನಡದ ಯಾವುದೋ ಹೆಣ್ಣುದನಿ ಅವಳ ಬಾಯಿಂದ, "ನನ್ನನ್ನು ನೆನೆಯಿರಿ" ಎಂದಿತು. ಬಾಗಿಲು ಮುಚ್ಚಿತು. ಬೆಳಕಾಯಿತು, ಆಮೇಲೆ ಕತ್ತಲೆ.

ದುರ್ಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅಕಿನ ಯಾಕ? ಉಳದ ಆರು ಮಂದ್ಯಾಗ ಒಬ್ಬರೂ ಸಿಗಲಿಲ್ಲೇನು ಅವರಿಗೆ?"

"ಹಂಗ ಬರದಾರ ಆಯಿ."

"ಬರಿಯೋವಾಗ ಬ್ಯಾರೆ ಬರಿಬೇಕಾಗಿತ್ತು. ನೀ ಬರದೀಯಲ್ಲ, ನಿಂದ್ರಾಗ ಯಾರರೆ ಸತ್ತಾರೇನು?" ಮತ್ತೆ ಕೇಳಿದಳು: "ಮುಂದಿಂದ್ರಾಗ ಬರ್ತಾಳೇನು?"

ಎಂಟನೇ ಭಾಗದ ಚಿತ್ರ ಪರದೆಯ ಕೆಳಗೆ ಬಂದು ನಿಂತಿತ್ತು. ಪ್ರಜ್ಞಾ ಅದನ್ನೇ ನೋಡುತ್ತಿದ್ದಳು. "ಇಲ್ಲ. ಅಕಿ ಕುರ್ಚ್ಯಾಗ ಇನ್ನೊಬ್ಬಾಕಿ ಕುಂತಾಳ. ಬಂಗಾರ ಕೂದಲದಾಕಿ." ಅವಳು ಮೊಬೈಲ್ ಆರಿಸಿ ಅಪ್ಪನ ಪಕ್ಕ ಇಟ್ಟಳು. "ಆಯಿ, ನನಗ ಬೆಳಿಗ್ಗೆ ಮದಲ ಪೌಡರ ಹಚ್ಚಿದ್ರು. ಅದು ಹತ್ತಲಿಲ್ಲ."

ದುರ್ಗವ್ವನಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಲಿಲ್ಲ. ದೀಪ ಹಚ್ಚಿ, ಮಾಡದ ಮುಂದೆ ನಿಂತು, ಮಗ ಸೊಸೆ ಮೊಮ್ಮಗಳ ಹೆಸರು ಹೇಳಿದಳು. ಅಲ್ಲಿಗೆ ನಿಲ್ಲಿಸಿದಳು. ತಿರುಗಿ ಬಂದು, "ಕತ್ತರಿ ತಾ" ಎಂದಳು.

"ಇವತ್ತ ಬಿಚ್ಚತಿಯೇನು?"

"ಎರವಲು ತಂದಿದ್ದು. ಮಾತು ಕೊಟ್ಟೇನಿ."

ಅಜ್ಜಿ ಹೊಲಿಗೆ ಕತ್ತರಿಸಿದಂತೆ ಮೊಮ್ಮಗಳು ದಾರ ಎಳೆದಳು. ತೋಳು ತೋಳಲ್ಲವಾಯಿತು, ಬೆನ್ನು ಬರೀ ಬಟ್ಟೆಯಾಯಿತು.

ನಾಲ್ಕು ದಿನದಲ್ಲಿ ರುಕ್ಮವ್ವನ ಕೌದಿ ಮುಗಿಯಿತು. ಕೊನೆಯ ಚೌಕ ಹೊಲಿಯುವ ಮೊದಲು ಕೌದಿಯ ಹೊಟ್ಟೆಗೆ ಒಂದು ತುಣುಕು ರೊಟ್ಟಿ ಇಡಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವೆಂದು ಹಿರಿಯರು ಹಾಗೆ ಮಾಡಿಕೊಂಡು ಬಂದಿದ್ದರು. ಪ್ರಜ್ಞಾ ತನ್ನ ತಾಟಿನಿಂದ ಮುರಿದು ಕೊಟ್ಟಳು. ದುರ್ಗವ್ವ ಅದನ್ನು ಒಳಗಿಟ್ಟು ಬಾಯಿ ಹೊಲಿದಳು.

ಗೌಡರ ಮನೆಯ ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಇಬ್ಬರೂ ನಿಂತರು. ಅದರಾಚೆ ಅವರು ಎಂದೂ ಹೋದವರಲ್ಲ. ದುರ್ಗವ್ವ ಕೌದಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಆಮೇಲೆ ರುಕ್ಮವ್ವ ಬಂದು ಎತ್ತಿಕೊಂಡು ಬಿಡಿಸಿದಳು. ಬೆಳಗಿನ ಬಿಸಿಲಿಗೆ ನೀಲಿ ಚೂರುಗಳು ಅಲ್ಲಲ್ಲಿ ಹೊಳೆದವು. ಅಂಚಿನ ಹತ್ತಿರದ ಒಂದು ಚೂರು ಉಳಿದವಕ್ಕಿಂತ ಬಿಳಚಿಕೊಂಡಿತ್ತು. ಎಷ್ಟು ತೊಳೆದರೂ ಕೊರಳ ಪಟ್ಟಿಯ ಪೌಡರ್ ಪೂರ್ತಿ ಹೋಗಿರಲಿಲ್ಲ.

"ನೀಲೀನ ಇಷ್ಟು ತುಂಡ ತುಂಡ ಯಾಕ ಮಾಡಿದಿ, ದುರ್ಗವ್ವಾ?"

"ಹಂಗ ಬಂತ್ರಿ, ಯವ್ವಾ."

"ಇರಲಿ, ಚಲೋ ಆಗೇತಿ. ನಮ್ಮ ಭಾಗ್ಯಾಗ ಹೊಚ್ಚತೇನಿ. ನಾಟಕಾ ಮಾಡಿ ಬಂದಾಗಿಂದ ಅಕಿಗೆ ನಿದ್ದಿ ಹತ್ತವಲ್ದು." ರುಕ್ಮವ್ವ ಕೌದಿಯನ್ನು ಮಡಚಿ ಕಂಕುಳಿಗೆ ಸೇರಿಸಿಕೊಂಡಳು. "ಕೊಟ್ಟ ಅರಿವಿ ಎಲ್ಲಾ ತಿರುಗಿ ಬಂತಲ್ಲ?"

"ಬಂತ್ರಿ" ಎಂದು ದುರ್ಗವ್ವ ಹೊರಟವಳು ನಿಂತಳು. ಸೆರಗಿನ ಗಂಟು ಬಿಚ್ಚಿ, ಕೋಟು ಬಿಚ್ಚುವಾಗ ಗುಂಡಿಯ ಹಿಂದೆ ಉಳಿದಿದ್ದ, ತಾನು ಕಟ್ಟಿಟ್ಟುಕೊಂಡಿದ್ದ ಬೆರಳಗಲದ ನೀಲಿ ಚಿಂದಿಯನ್ನು ತೆಗೆದು, ಗಾಳಿಗೆ ಹಾರದಂತೆ ಅಂಗೈಯಿಂದ ಒಮ್ಮೆ ಒತ್ತಿ, ಕಟ್ಟೆಯ ಅಂಚಿನ ಮೇಲೆ ಇಟ್ಟಳು.