ಹಲ್ಲಣ್ಣನ ಹಸಿರು ಸೈಕಲ್ಲು

ಹಲ್ಲಣ್ಣನ ಕಸುಬು ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹಲ್ಲು ಕೂರಿಸಿ, ಕೆರೆದು, ಕೊನೆಗೆ ಬೂದುಬಣ್ಣದ ಒಂದು ಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ಫಳಫಳ ಉಜ್ಜುತ್ತಿದ್ದ. ಆ ಬಡಾವಣೆಯ ಅರ್ಧ ಮುದುಕರ ನಗು ತನ್ನ ಕೈಯಿಂದಲೇ ಹೊರಟದ್ದು ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಎರಡು ವರ್ಷದ ಹಿಂದೆ ಸೈಕಲ್ಲು ಬಂದ ಮೇಲೆ ಆ ಹೆಮ್ಮೆಯನ್ನೂ ಮರೆತ.

ಐವತ್ತು ವರ್ಷದಷ್ಟು ಹಳೆಯ ಸೈಕಲ್ಲು ಅದು. ಕಡು ಹಸಿರು. ಹಂಸದ ಕೊರಳಿನ ಹಾಗೆ ಬಾಗಿದ ಹ್ಯಾಂಡಲ್, ಸ್ಪ್ರಿಂಗಿನ ಮೇಲೆ ಕೂತ ಚರ್ಮದ ಸೀಟು, ಮುಂದೆ ಬುಟ್ಟಿ, ಚೈನು ಕಾಣದಂತೆ ಮುಚ್ಚಿದ ತಗಡಿನ ಕವಚ. ಇಷ್ಟಕ್ಕೇ ಅವನು ಸೋತಿರಲಿಲ್ಲ. ರಿಪೇರಿ ಅಂಗಡಿಯ ಮೂಲೆಯಲ್ಲಿ ಧೂಳು ಒರೆಸಿ ನೋಡಿದಾಗ ಮೈಯುದ್ದಕ್ಕೂ ಒಂದು ಚಿನ್ನದ ಗೆರೆ ಕಂಡಿತ್ತು. ಯಾರೋ ಉಸಿರು ಬಿಗಿಹಿಡಿದು, ಕುಂಚದಿಂದ, ಒಂದೇ ಎಳೆತಕ್ಕೆ ಎಳೆದ ಕೂದಲಗಲದ ಗೆರೆ. ಅಲ್ಲಿಗೆ ಹಲ್ಲಣ್ಣನ ಕಥೆ ಮುಗಿಯಿತು.

ಪೇಟೆಯಲ್ಲಿ ಸೈಕಲ್ಲನ್ನು ಹೇಗೆ ಓಡಿಸಬೇಕು ಎಂಬುದಕ್ಕೆ ಅವನದೇ ಶಾಸ್ತ್ರವಿತ್ತು. ಬೆನ್ನು ನೆಟ್ಟಗಿರಬೇಕು, ಗದ್ದ ಎತ್ತಿರಬೇಕು, ಬಟ್ಟೆಯ ಇಸ್ತ್ರಿ ಮುರಿಯಬಾರದು, ಬೆವರಂತೂ ಬರಲೇಬಾರದು. ಗೇರಿನ ಸೈಕಲ್ಲಿನ ಮೇಲೆ ಬಗ್ಗಿಕೊಂಡು ಹೋಗುವವರನ್ನು ಕಂಡರೆ, "ಪಾಪ, ಅಂಗಿ ಗುಂಡಿ ಬಿದ್ದೋಗಿರಬೇಕು, ಹುಡುಕ್ತಿದಾರೆ" ಎನ್ನುತ್ತಿದ್ದ. ಇಷ್ಟೆಲ್ಲ ಹೇಳುವ ಹಲ್ಲಣ್ಣ ಸೈಕಲ್ ಹತ್ತುತ್ತಿದ್ದದ್ದು ಭಾನುವಾರ ಮಾತ್ರ. ಅದೂ ಮೋಡವಿಲ್ಲದಿದ್ದರೆ, ಗಾಳಿಯಿಲ್ಲದಿದ್ದರೆ, ಬೀದಿಯ ಕೊನೆಯವರೆಗೆ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗೆ ಬಿಟ್ಟರೆ ಯಾರಾದರೂ ಮುಟ್ಟಿಯಾರೆಂಬ ಭಯಕ್ಕೆ ಹೆಗಲ ಮೇಲೆ ಹೊತ್ತೇ ಇಳಿಸಿ ಹತ್ತಿಸುತ್ತಿದ್ದ. ಅವನು ಸೈಕಲ್ಲಿನ ಮೇಲೆ ಹೋದದ್ದಕ್ಕಿಂತ ಸೈಕಲ್ಲು ಅವನ ಮೇಲೆ ಹೋದದ್ದೇ ಹೆಚ್ಚು. ಈ ಸತ್ಯ ಒಂದು ದಿನ ಮೆಟ್ಟಿಲ ಮೇಲೆ ಏದುಸಿರು ಬಿಡುವಾಗ ಅವನಿಗೇ ಹೊಳೆದಿತ್ತು. ಕೂಡಲೇ ಬೇರೆ ಏನನ್ನೋ ಯೋಚಿಸಿದ.

ಸಂಜೆ ಸೈಕಲ್ಲು ನಡುಮನೆಯಲ್ಲಿ ನಿಲ್ಲುತ್ತಿತ್ತು. ಹೆಂಡತಿ ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ಮಾತಾಡಿ ದಣಿದು ಬರುತ್ತಿದ್ದಳು. ಅವನು ಬಾಯಿ ತೆರೆದೊಡನೆ ಸ್ನಾನಕ್ಕೆ ಹೋಗಿಬಿಡುತ್ತಿದ್ದಳು. ಉಳಿಯುತ್ತಿದ್ದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಅರವತ್ತೆಂಟು ವರ್ಷ. ಐದು ವರ್ಷದಿಂದ ಇವರ ಜೊತೆಗೇ ಇದ್ದರು. ಕಿಟಕಿಯ ಬಳಿ ಸ್ವೆಟರ್ ಹೆಣೆಯುತ್ತ ಕೂತವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಅತ್ತೇ, ಇದು ಡೈನಮೋ. ಚಕ್ರ ತಿರುಗಿದ್ರೆ ದೀಪ ತಾನೇ ಹತ್ತುತ್ತೆ."

"ಹೌದಾ?"

"ಈ ಕವಚ ಇದೆಯಲ್ಲ, ಬಟ್ಟೆಗೆ ಎಣ್ಣೆ ತಾಗದಿರಲಿ ಅಂತ."

"ಅಬ್ಬಬ್ಬಾ."

ಆ ಅಬ್ಬಬ್ಬಾವನ್ನು ಹಲ್ಲಣ್ಣ ಬೆರಗೆಂದೇ ತಿಳಿದಿದ್ದ. ಅತ್ತೆ ಮಾತ್ರ ಮಗಳ ಹತ್ತಿರ, "ಈ ಮನೇಲಿ ನನಗೆ ಇಬ್ಬರು ಅಳಿಯಂದ್ರು ಕಣೆ. ಒಬ್ರು ಸುಮ್ನೆ ನಿಂತಿರ್ತಾರೆ, ಇನ್ನೊಬ್ರು ಅವರನ್ನ ಒರೆಸ್ತಿರ್ತಾರೆ" ಎಂದು ನಗುತ್ತಿದ್ದರು.

ಹೀಗಿರುವಾಗ ಹಳೆಯ ಸೈಕಲ್ ಪ್ರಿಯರ ಕೂಟವೊಂದು ಹೊಳೆಯಾಚೆಯ ಮೈದಾನದಲ್ಲಿ ಸ್ಪರ್ಧೆ ಇಟ್ಟಿತು. ಸೈಕಲ್ಲಿನ ಚೆಲುವಿಗೆ ಹತ್ತು ಅಂಕ, ಸವಾರಿಯ ಸೊಗಸಿಗೆ ಹತ್ತು. ಹಲ್ಲಣ್ಣನಿಗೆ ಎರಡು ವಾರ ನೆಲ ಕಾಣಲಿಲ್ಲ. ಹಲ್ಲಿನ ಸೆಟ್ ಉಜ್ಜುವ ಆ ಬೂದು ಪುಡಿಯನ್ನೇ ಡಬ್ಬಿಯಲ್ಲಿ ಮನೆಗೆ ತಂದು, ಮೂಗು ತಾಗುವಷ್ಟು ಬಗ್ಗಿ, ಸಂಜೆಯಿಡೀ ತಿಕ್ಕಿದ.

"ನನ್ನ ಮುಖಾನ ಇಷ್ಟು ಹತ್ರದಿಂದ ನೋಡಿ ಎಷ್ಟು ವರ್ಷ ಆಯ್ತು ನೀವು?" ಎಂದಳು ಹೆಂಡತಿ.

"ನಿನ್ನ ಮುಖದಲ್ಲಿ ಇಂಥ ಗೆರೆ ಎಲ್ಲಿದೆ?" ಎಂದುಬಿಟ್ಟ. ಮಾತು ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

"ಇದಾವೆ. ಹಣೆ ಮೇಲೆ ಮೂರು. ಮೂರೂ ನೀವೇ ಎಳೆದದ್ದು."

ಸ್ಪರ್ಧೆಯ ಬೆಳಗ್ಗೆ ಅವನು ಕೆನೆಬಣ್ಣದ ಪ್ಯಾಂಟು, ಮೇಲೊಂದು ವೇಸ್ಟ್‌ಕೋಟು, ತಲೆಗೊಂದು ಟೊಪ್ಪಿ ಹಾಕಿ ಸೈಕಲ್ಲನ್ನು ಹೆಗಲಿಗೇರಿಸಿದ. ಎರಡನೇ ಮಹಡಿಯ ತಿರುವಿನಲ್ಲಿ ಸೊಂಟದಲ್ಲಿ 'ಕಳಕ್' ಎಂದಿತು. ಹಾಗೆಯೇ ಸೈಕಲ್ಲನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಸಿದ. ಕೂಗಿಗೆ ಹೆಂಡತಿ ಓಡಿಬಂದಳು.

"ಮೊದಲು ಸೈಕಲ್ಲು ತಗೋ," ಎಂದು ನರಳಿದ. "ಗೋಡೆಗೆ ತಾಗಿಸ್ಬೇಡ!"

"ನಿಮ್ಮನ್ನ ತಾಗಿಸ್ಬಹುದಾ?" ಎಂದಳವಳು. ಸೈಕಲ್ಲನ್ನು ಕೆಳಗೆ ಬಾಗಿಲ ಬಳಿ ಇಳಿಸಿಟ್ಟು ಬಂದು ಗಂಡನನ್ನು ಮೇಲಕ್ಕೆ ಎಳೆದು ತಂದಳು. ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದ ಹಲ್ಲಣ್ಣನ ಸೊಂಟವನ್ನು ಅತ್ತೆ ಎರಡು ಬೆರಳಲ್ಲಿ ಒತ್ತಿ ನೋಡಿದರು. ಎಲ್ಲಿ ಒತ್ತಬೇಕೆಂದು ಆ ಬೆರಳುಗಳಿಗೆ ಗೊತ್ತಿತ್ತು.

"ಉಳುಕಿದೆ, ಅಷ್ಟೇ. ಮುಲಾಮು ಬೇಕು. ಇವತ್ತು ಭಾನುವಾರ, ಸೇತುವೆ ಆಚೆ ಔಷಧಿ ಅಂಗಡಿ ಮಾತ್ರ ತೆಗೆದಿರುತ್ತೆ," ಎಂದು ಚೀಲ ತೆಗೆದುಕೊಂಡು ಇಳಿದು ಹೋದರು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಟ್ರಿಣ್ ಟ್ರಿಣ್ ಎಂದು ಬೆಲ್ಲಿನ ಸದ್ದು.

"ಯಾರದು? ಯಾರು ನನ್ನ ಬೆಲ್ಲು ಮುಟ್ಟಿದ್ದು?"

ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿದಳು. "ಅಮ್ಮ."

"ಬೇಡ ಅನ್ನು! ಬಿದ್ದು ಕೈಕಾಲು ಮುರ್ಕೋತಾರೆ!"

"ಹತ್ತಿ ಆಯ್ತು." ಒಂದು ಕ್ಷಣ ಬಿಟ್ಟು, "ತಿರುವು ದಾಟಿಯೂ ಆಯ್ತು."

"ಅವರಿಗೆ ಸೈಕಲ್ ಬರುತ್ತಾ?"

ಹೆಂಡತಿ ತಿರುಗಿ ಅವನನ್ನೇ ನೋಡಿದಳು. "ಇಪ್ಪತ್ತೆಂಟು ವರ್ಷ ಅಮ್ಮ ಸೂಲಗಿತ್ತಿ ನರ್ಸ್ ಆಗಿದ್ದದ್ದು ನಿಮಗೆ ಗೊತ್ತಿಲ್ವಾ? ದಿನಾ ಮನೆ ಮನೆಗೆ ಹೋಗ್ತಿದ್ರು."

"ಅದು ಗೊತ್ತು. ಬಸ್ಸಲ್ಲಿ ಹೋಗ್ತಿದ್ರು ಅಂದ್ಕೊಂಡಿದ್ದೆ."

"ಹೆರಿಗೆ ನೋವು ಬಸ್ಸಿಗೆ ಕಾಯುತ್ತಾ?"

ಹಲ್ಲಣ್ಣ ಛಾವಣಿ ನೋಡುತ್ತ ಮಲಗಿದ. ಡೈನಮೋ ಎಂದರೇನು, ಚೈನು ಎಲ್ಲಿರುತ್ತದೆ, ಬೆಲ್ಲು ಹೇಗೆ ಬಾರಿಸುವುದು... ಎರಡು ವರ್ಷ ಆ ಹೆಂಗಸಿನ ಮುಂದೆ ಕೊರೆದದ್ದೆಲ್ಲ ಒಂದೊಂದಾಗಿ ನೆನಪಾಗಿ, ಸೊಂಟಕ್ಕಿಂತ ಮುಖವೇ ಹೆಚ್ಚು ಉರಿಯಿತು. ಮೈ ಹೊರಳಿಸಲಾಗದೆ, ನಾಚಿಕೆಯನ್ನೂ ಅಂಗಾತವೇ ಅನುಭವಿಸಬೇಕಾಯಿತು.

ಅತ್ತೆ ಬಂದದ್ದು ಎರಡೂವರೆ ಗಂಟೆ ಕಳೆದ ಮೇಲೆ. ಕೈಯಲ್ಲಿ ಮುಲಾಮು, ಎಲೆಕೋಸು, ಒಂದು ಮಡಿಸಿದ ಚೀಟಿ.

"ಸೇತುವೆ ದಾಟ್ತಿದ್ದ ಹಾಗೇ ದಾರಿ ಬಂದ್ ಮಾಡಿದ್ರು. ಹಳೇ ಸೈಕಲ್ಲೆಲ್ಲ ಮೈದಾನದೊಳಗೆ ಅಂತ ಕೈ ತೋರಿಸಿದ್ರು, ಹೋದೆ. ಎರಡು ಸುತ್ತು ಹೊಡಿ ಅಂದ್ರು, ಹೊಡೆದೆ. ಸೀಟಿನ ಚರಿತ್ರೆ ಕೇಳಿದ್ರು. ನನಗೆ ಮುಲಾಮಿಗೆ ಹೊತ್ತಾಗುತ್ತೆ, ಅದೆಲ್ಲ ನಮ್ಮ ಅಳಿಯಂದ್ರಿಗೆ ಬಾಯಿಪಾಠ ಅಂದೆ."

"ಬಹುಮಾನ?" ಹಲ್ಲಣ್ಣ ಮಲಗಿದಲ್ಲಿಂದಲೇ ಕತ್ತೆತ್ತಿದ.

ಅತ್ತೆ ಕನ್ನಡಕ ಏರಿಸಿ ಚೀಟಿ ಓದಿದರು. "ಸವಾರಿಗೆ ಹತ್ತಕ್ಕೆ ಹತ್ತು. ಸೈಕಲ್ಲಿಗೆ ಹತ್ತಕ್ಕೆ ನಾಲ್ಕು. ಬಹುಮಾನ ಇಲ್ಲ. 'ಎಡಭಾಗದ ಚಿನ್ನದ ಗೆರೆ ಅರ್ಧಕ್ಕರ್ಧ ಅಳಿಸಿಹೋಗಿದೆ. ಒರಟು ಪುಡಿಯಿಂದ ಉಜ್ಜಿದ ಗುರುತು. ಹಿಂದಿನ ಒಡೆಯ ಯಾರೋ ತಿಳಿಗೇಡಿ.'"

"ಹೌದು, ಹಿಂದಿನವನೇ," ಎಂದ ಹಲ್ಲಣ್ಣ ತಟ್ಟನೆ. "ಎಂಥೆಂಥ ಜನ ಇರ್ತಾರೆ!"

ಹೆಂಡತಿ ಕಪಾಟಿನ ಮೇಲಿದ್ದ ಬೂದು ಪುಡಿಯ ಡಬ್ಬಿಯನ್ನು ನೋಡಿದಳು. ಅತ್ತೆಯೂ ನೋಡಿದರು. ಕೊನೆಗೆ ಮಲಗಿದ್ದವನೂ ಕಣ್ಣು ಹೊರಳಿಸಿ ನೋಡಿದ. ಮೊದಲು ನಕ್ಕವಳು ಹೆಂಡತಿ. ಹಲ್ಲಣ್ಣ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಕ್ಕರೆ ಸೊಂಟ ಹಿಡಿಯುತ್ತಿತ್ತು, "ಅಯ್ಯೋ" ಎನ್ನುತ್ತಿದ್ದ, ಮತ್ತೆ ನಗುತ್ತಿದ್ದ. ಅತ್ತೆ ಮುಲಾಮು ತಿಕ್ಕುವ ತನಕ ಅದು ನಿಲ್ಲಲಿಲ್ಲ.

ಮೂರು ವಾರ ಭಾರ ಎತ್ತುವ ಹಾಗಿರಲಿಲ್ಲ. ಸೈಕಲ್ಲು ಕೆಳಗೇ ಉಳಿಯಿತು, ಮೆಟ್ಟಿಲ ಸಂದಿಯಲ್ಲಿ, ಒಂದು ಬೀಗ ಹಾಕಿಸಿಕೊಂಡು. ಅತ್ತೆ ಅದರ ಮೇಲೆ ಹಳೆಯ ಗೆಳತಿಯರ ಮನೆಗಳಿಗೆ ಹೋಗಿ ರಕ್ತದೊತ್ತಡ ನೋಡಿ ಬರತೊಡಗಿದರು. ಸೊಂಟ ಸರಿಹೋದ ಮೇಲೆ, ತನ್ನದೇ ಸೈಕಲ್ಲನ್ನು ಯಾವ ದಿನ ಒಯ್ಯಬಹುದೆಂದು ಹಲ್ಲಣ್ಣ ಕೇಳಿಕೊಳ್ಳಬೇಕಾಯಿತು.

"ಭಾನುವಾರ ಬನ್ನಿ, ಸೇತುವೆ ದಾಟಿಸಿ ಕರ್ಕೊಂಡು ಹೋಗ್ತೀನಿ. ನೀವು ಇನ್ನೂ ಬೀದಿ ಕೊನೆ ದಾಟಿಲ್ಲ," ಎಂದರು ಅತ್ತೆ. ತಮಗೊಂದು ಸೈಕಲ್ಲನ್ನು ರಿಪೇರಿ ಅಂಗಡಿಯಿಂದ ಕೇಳಿ ತಂದರು.

ಭಾನುವಾರ ಗಾಳಿಯಿತ್ತು, ಮೋಡವೂ ಇತ್ತು. ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಪಕ್ಕಕ್ಕೆ ಬಂದಾಗ ಹಲ್ಲಣ್ಣನ ನೆಟ್ಟಗಿನ ಬೆನ್ನು ತಾನಾಗಿಯೇ ಬಗ್ಗಿತು. ಹೊಳೆಯಾಚೆಯ ಚಹಾದಂಗಡಿ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಬೆಂಚಿನ ಮೇಲೆ ಕೂತು, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಅವನು ಹೇಳುವುದನ್ನು ಬಿಟ್ಟು ಕೇಳಿದ.

"ನಿಮ್ಮ ಸೈಕಲ್ಲು ಹೇಗಿತ್ತು ಅತ್ತೇ?"

"ಕರೀದು. ಬ್ರೇಕು ಒಂದೇ, ಅದೂ ಮನಸ್ಸು ಬಂದಾಗ ಹಿಡೀತಿತ್ತು. ಹಿಂದೆ ಕ್ಯಾರಿಯರ್ ಮೇಲೆ ನನ್ನ ಪೆಟ್ಟಿಗೆ. ಒಂದ್ಸಲ ಏನಾಯ್ತು ಅಂದ್ರೆ..."

ಅತ್ತೆ ಒಂದು ಗಂಟೆ ನಿಲ್ಲಿಸಲಿಲ್ಲ. ಟೈರು ಒಡೆದ ಮಳೆಗಾಲಗಳು, ಸಮಯಕ್ಕೆ ಮುಟ್ಟಿದ ಮನೆಗಳು, ಮುಟ್ಟಲಾಗದ ಒಂದು ಮನೆ. ಆ ಮನೆಯ ಮಾತು ಬಂದಾಗ ದನಿ ಸ್ವಲ್ಪ ಇಳಿಯಿತು. ಹಲ್ಲಣ್ಣನ ಚಹಾ ಲೋಟದಲ್ಲೇ ಆರಿಹೋಯಿತು.

ಹಿಂತಿರುಗುವಾಗ ಸೇತುವೆಯ ಏರಿನಲ್ಲಿ ಅವನು ಇಳಿದು ತಳ್ಳಿದ. ಅತ್ತೆ ಇಳಿಯಲಿಲ್ಲ.