ನೀಲಿ ಸುತ್ತು

"ಆಪರೇಷನ್ ಆಗಿ ಹದಿನಾರು ವರ್ಷ ಆಯ್ತು. ಮುಟ್ಟು ಇನ್ನೂ ಗಡಿಯಾರದ ಹಾಗೆ ಬರ್ತಿದೆ ನೋಡಿ!" ಡಾಕ್ಟರಮ್ಮ ರಕ್ತಪರೀಕ್ಷೆಯ ಕಾಗದವನ್ನು ಅವಳ ಕಡೆ ತಿರುಗಿಸಿದರು. "ಹಾರ್ಮೋನ್ ಎಲ್ಲ ಸರಿಯಾಗಿದೆ. ಖುಷಿ ಪಡಬೇಕಮ್ಮ ನೀವು."

ಅವಳಿಗೆ ಅಳು ಬಂತು. ವಯಸ್ಸು ನಲವತ್ತೊಂದಾಯಿತು, ಇನ್ನು ಸಾಕು ಎಂದು ಯಾರಾದರೂ ಹೇಳಲಿ ಎಂದೇ ಅವಳು ಬಂದಿದ್ದಳು.

ಅಂಡಾಶಯದ ತುಂಬ ನೀರುಗುಳ್ಳೆ, ವರ್ಷಕ್ಕೆ ಎರಡೋ ಮೂರೋ ಸಲ ಮುಟ್ಟು, ಗಲ್ಲದ ಮೇಲೆ ಕೂದಲು ಇದ್ದ ಕಾಲದಲ್ಲಿ ಮನೆಯವರು ಆಸೆ ಬಿಟ್ಟಿದ್ದರು. ಆಪರೇಷನ್‌ನಲ್ಲಿ ಅಂಡಾಶಯವನ್ನು ಅಲ್ಲಲ್ಲಿ ಚುಚ್ಚಿ ಸುಟ್ಟ ಮೇಲೆ ಕೂದಲು ಕಡಿಮೆಯಾಯಿತು, ತಿಂಗಳು ತಪ್ಪದೆ ಮುಟ್ಟು ಬಂತು. ಮಗು ಮಾತ್ರ ಬರಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕದ ಕ್ಯಾಲೆಂಡರಿನಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ, ಅತ್ತೆ ಅವಳು ಮುಟ್ಟಾದ ದಿನಕ್ಕೊಂದು ಸುತ್ತು ಹಾಕುತ್ತಿದ್ದರು. ಅಲ್ಲಿಂದ ಎಣಿಸಿ ಗಂಡಹೆಂಡತಿ ಕೂಡಬೇಕಾದ ದಿನಕ್ಕೆ ಇನ್ನೊಂದು. ಗಿರಾಕಿಗಳ ಎದುರೇ ಗಂಡ ಅತ್ತ ಕಣ್ಣು ಹಾಯಿಸಿ ಕತ್ತರಿ ಕೆಳಗಿಡುತ್ತಿದ್ದ. ಆ ನೀಲಿ ಸುತ್ತು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದಾಗ ಅತ್ತೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದರು. "ಏನಂದ್ರು ಡಾಕ್ಟರಮ್ಮ?"

"ಮುಗೀತಂತೆ ಅತ್ತೆ. ಇಷ್ಟು ದಿನ ಬಂದಿದ್ದೇ ಹೆಚ್ಚಂತೆ. ಇನ್ನು ಮುಟ್ಟು ಬರಲ್ವಂತೆ."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ ಅವಳ ತಲೆ ಸವರಿದರು. "ಹೋಗ್ಲಿ ಬಿಡಮ್ಮ. ನಾನೂ ನಿನ್ನನ್ನ ಬಹಳ ಗೋಳು ಹೊಯ್ಕೊಂಡೆ." ಎದ್ದು ಕ್ಯಾಲೆಂಡರ್ ಇಳಿಸಿ, ಅದರ ಬೆನ್ನ ಮೇಲೆ ಕಾಲರಿನ ಅಳತೆ ಬರೆದು ಕತ್ತರಿಸಿಯೇ ಬಿಟ್ಟರು. ಗಂಡನೂ ಏನೂ ಕೇಳಲಿಲ್ಲ. ಒಂಬತ್ತು ದಿನ ಅವಳು ಗುನುಗಿಕೊಂಡು ಮಿಷನ್ ತುಳಿದಳು.

ಹತ್ತನೆಯ ದಿನ ಮಧ್ಯಾಹ್ನ ಬಿಳಿ ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದಾಗ ಕಿಬ್ಬೊಟ್ಟೆ ಹಿಂಡಿತು. ಎಣಿಸುವುದೇ ಬೇಕಿರಲಿಲ್ಲ, ಇಪ್ಪತ್ತೆಂಟನೆಯ ದಿನ. ಕೂತಿದ್ದ ದಿಂಬು ಒದ್ದೆಯಾದದ್ದು ಗೊತ್ತಾಯಿತು. ಬಾಗಿಲ ಬಳಿಯ ಮೇಜಿನಲ್ಲಿ ಗಂಡ ಬಟ್ಟೆ ಕತ್ತರಿಸುತ್ತಿದ್ದ.

"ಏಳಮ್ಮ, ಊಟ ಮಾಡೋಣ," ಎಂದರು ಅತ್ತೆ, ಈಗೀಗ ಬಂದಿದ್ದ ಮೆತ್ತನೆಯ ದನಿಯಲ್ಲಿ.

"ನೀವು ಮಾಡಿ ಅತ್ತೆ. ಇದೊಂದು ತೋಳು ಮುಗಿಸಿ ಬರ್ತೀನಿ."

"ನಿನ್ನ ಬಿಟ್ಟು ಉಣ್ತೀನಾ? ಕಾಯ್ತೀನಿ." ಅತ್ತೆ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತರು.

ತೋಳು ಆಗಲೇ ಮುಗಿದಿತ್ತು. ಅವಳು ಅದೇ ಹೊಲಿಗೆಯ ಮೇಲೆ ಮತ್ತೊಮ್ಮೆ ಮಿಷನ್ ಓಡಿಸಿದಳು, ಆಮೇಲೆ ಇನ್ನೊಮ್ಮೆ.